582101: ಗದಗದ ಪಿನ್ ಕೋಡಿನಲ್ಲಿ 13 ಇದೆ, 37 ಇಲ್ಲ

ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ನಿನ್ನೆ ರಾತ್ರಿ ಅಪವರ್ತನ ಬಿಡಿಸಲು ಪುಸ್ತಕದ ಲೆಕ್ಕ ಬಿಟ್ಟು ನಮ್ಮೂರು ಗದಗದ ಪಿನ್ ಕೋಡನ್ನೇ ತೆಗೆದುಕೊಂಡೆ: 582101.

ಕೊನೆಯ ಅಂಕಿ 1, ಅಂದರೆ 2 ಇಲ್ಲ, 5 ಇಲ್ಲ. ಅಂಕಿಗಳ ಮೊತ್ತ 17, ಹಾಗಾಗಿ 3 ಕೂಡ ಇಲ್ಲ.

7, 11, 13ಕ್ಕೆ ಮೂರು ನಿಯಮ ಬಾಯಿಪಾಠ ಮಾಡಬೇಡಿ. 7 × 11 × 13 = 1001, ಇದೊಂದು ಸಾಕು. ಬಲಗಡೆಯಿಂದ ಮೂರು ಮೂರು ಅಂಕಿ ಬೇರ್ಪಡಿಸಿ: 582 | 101. (ನಾವು 5,82,101 ಎಂದು ಅಲ್ಪವಿರಾಮ ಹಾಕುತ್ತೇವಲ್ಲ, ಆ ರೂಢಿ ಇಲ್ಲಿ ಕೈಕೊಡುತ್ತದೆ.) ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 481. ಅದು 13 × 37. ಆದ್ದರಿಂದ 582101ಕ್ಕೆ 13ರಿಂದ ಭಾಗ ಹೋಗುತ್ತದೆ, 7 ಮತ್ತು 11ರಿಂದ ಹೋಗುವುದಿಲ್ಲ.

ನಾನು ಎಡವಿದ್ದು ಇಲ್ಲೇ. 481ರಲ್ಲಿ 37 ಕಂಡಿತಲ್ಲ, ಅದನ್ನೂ ಅಪವರ್ತನ ಅಂತ ಬರೆದುಬಿಟ್ಟೆ. ತಾಳೆ ನೋಡಲು 37ರಿಂದ ಭಾಗಿಸಿದರೆ ಶೇಷ 17. ಭಾಗಾಕಾರವೇ ತಪ್ಪಿರಬೇಕು ಎಂದು ಮೂರು ಸಲ ಮಾಡಿದೆ, ಮೂರು ಸಲವೂ 17. ಕೊನೆಗೆ ನಿಯಮ ಎಲ್ಲಿಂದ ಬಂತು ಎಂದು ಬಿಡಿಸಿ ಬರೆದೆ:

582101 = 582 × 1000 + 101
= 582 × 1001 − 582 + 101
= 582 × 1001 − 481

ಕೊನೆಯ ಸಾಲನ್ನು ನಿಧಾನವಾಗಿ ಓದಿ. 1001ರಲ್ಲಿ 13 ಇರುವುದರಿಂದ ಮೊದಲ ತುಂಡು 13ಕ್ಕೆ ಯಾವಾಗಲೂ ಭಾಗ ಹೋಗುತ್ತದೆ. ಉಳಿಯುವ ಪ್ರಶ್ನೆ 481ರದ್ದು ಮಾತ್ರ. ಆದರೆ 37ರ ಮುಂದೆ ಮೊದಲ ತುಂಡೇ ಶೇಷ ಬಿಡುತ್ತದೆ: 582ಕ್ಕೆ ಶೇಷ 27, 1001ಕ್ಕೆ ಶೇಷ 2, ಗುಣಿಸಿದರೆ 54, ಅದರಲ್ಲಿ 37 ಕಳೆದರೆ 17. ನನ್ನನ್ನು ಕಾಡಿದ 17 ಇದೇ! 481ನ್ನು ಮೂಲ ಸಂಖ್ಯೆಯ ಬದಲಿಗೆ ಬಳಸಬಹುದಾದದ್ದು 7, 11, 13ರ ವಿಚಾರದಲ್ಲಷ್ಟೇ.

ಖಾತ್ರಿಗೆ ಹುಬ್ಬಳ್ಳಿಯ 580020 ನೋಡಿ. 580 − 20 = 560, ಇದು 7 × 80, ಹಾಗಾಗಿ 7 ನಿಜಕ್ಕೂ ಇದೆ. ಆದರೆ 560ಕ್ಕೆ 16ರಿಂದ ಭಾಗ ಹೋಗುತ್ತದೆ, 580020ಕ್ಕೆ 8ರಿಂದಲೂ ಹೋಗುವುದಿಲ್ಲ, ಶೇಷ 4. ಅದರ ಪೂರ್ತಿ ರೂಪ 2 × 2 × 3 × 5 × 7 × 1381.

37 ಪರೀಕ್ಷಿಸಲೇಬೇಕೆಂದರೆ 999 ಹಿಡಿಯಿರಿ, ಏಕೆಂದರೆ 999 = 27 × 37. ಆಗ ಕಳೆಯುವ ಬದಲು ಕೂಡಬೇಕು: 582 + 101 = 683. 37 × 18 = 666, ಶೇಷ ಮತ್ತೆ 17.

ಇನ್ನು 582101 = 13 × 44777. ಕೊನೆಯ 777 ನೋಡಿ 7 ಹೋಗುತ್ತದೆ ಅನಿಸುತ್ತದೆ, ಹೋಗುವುದಿಲ್ಲ: 777 − 44 = 733. 212ರ ವರ್ಗ 44944 ಆದ್ದರಿಂದ 211ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ನೋಡಿದರೆ ಸಾಕು. ಒಂದೊಂದಾಗಿ ನೋಡಿದೆ, ಒಂದೂ ಹೋಗಲಿಲ್ಲ. 29 ಮತ್ತು 193 ಎರಡಕ್ಕೂ ಶೇಷ 1 ಉಳಿಯಿತು, ಯಾಕೆಂದರೆ ಪಕ್ಕದ 44776 = 8 × 29 × 193. ಹೀಗೆ 44777 ಅವಿಭಾಜ್ಯ. ನಮ್ಮೂರಿನ ಸಂಖ್ಯೆಗೆ ಭಾಜಕಗಳು ನಾಲ್ಕೇ: 1, 13, 44777, 582101.