‘ಹೋದ್ರು’ ಅಂದ್ರೆ ಯಾವಾಗ ವಾಪಸ್ ಬರ್ತಾರೆ ಮಿಸ್?

ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ಬಾರ್ದು, ‘ಹೋಗ್ಬರ್ತೀನಿ’ ಅನ್ಬೇಕು ಅಂತ ಅಜ್ಜಿ ಗದರಿಸ್ತಿದ್ರಲ್ಲ, ಅದೇ ಅಜ್ಜಿ ತೀರಿಕೊಂಡಾಗ ನಾವು ಮಗುಗೆ ಹೇಳೋದು ‘ಅಜ್ಜಿ ಹೋಗ್ಬಿಟ್ರು’ ಅಂತ. ದೊಡ್ಡೋರಿಗೇನೋ ಅರ್ಥ ಆಗುತ್ತೆ, ಐದು ವರ್ಷದ್ದು ಮಾತ್ರ ಯಾವೂರಿಗೆ, ಯಾವ ಬಸ್ಸಲ್ಲಿ, ಯಾವಾಗ ವಾಪಸ್ ಅಂತ ಕಾಯ್ತಾ ಕೂತಿರುತ್ತೆ.

ನಾನೂ ಇದೇ ತಪ್ಪು ಮಾಡಿದೀನಿ. ಒಂದನೇ ಕ್ಲಾಸಿನ ಹುಡುಗ, ಅಪ್ಪನ ತಿಥಿ ಮುಗಿಸ್ಕೊಂಡು ಬೋಳು ತಲೇಲಿ ಸ್ಕೂಲಿಗೆ ಬಂದ, ನಂಗೆ ಏನು ಹೇಳ್ಬೇಕೋ ತೋಚದೆ ‘ಅಪ್ಪ ದೇವರ ಹತ್ರ ಮಲಗಿದಾರೆ ಪುಟ್ಟಾ’ ಅಂದ್ಬಿಟ್ಟೆ. ವಾರದ ಮೇಲೆ ಅವರಮ್ಮ ಬಂದು, ಇವನು ರಾತ್ರಿ ಕಣ್ಣು ಮುಚ್ಚಲ್ಲ ಮಿಸ್, ನಾನು ಮಲಗಿದ್ರೂ ಅಲ್ಲಾಡಿಸಿ ಎಬ್ಬಿಸ್ತಾನೆ ಅಂದ್ರು. ಎರಡು ವರ್ಷ ಡಿಎಡ್ ಓದಿದ್ದೆ, ಚಾರ್ಟು ಮಾಡೋದು ಹೇಳ್ಕೊಟ್ಟಿದ್ರು, ಇದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಇದೇನು ಹೊಸ ವಿಷಯ ಅಲ್ಲ. ಹಂಗೇರಿಯ ಮನಃಶಾಸ್ತ್ರಜ್ಞೆ ಮಾರಿಯಾ ನಾಗಿ ಬುಡಾಪೆಸ್ಟಿನ ಮಕ್ಕಳನ್ನ ಮಾತಾಡಿಸಿ 1948ರಲ್ಲೇ ಬರೆದಿದ್ರು, ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದ್ರೆ ನಿದ್ದೆ, ಇಲ್ಲಾ ಎಲ್ಲಿಗೋ ಪ್ರಯಾಣ ಅಂತ. ಸತ್ತೋರು ಮತ್ತೆ ಬರಲ್ಲ, ದೇಹದ ಕೆಲಸ ಪೂರ್ತಿ ನಿಲ್ಲುತ್ತೆ, ಬದುಕಿರೋ ಎಲ್ಲದಕ್ಕೂ ಇದು ಇದ್ದದ್ದೇ, ಇವಿಷ್ಟು ಹೆಚ್ಚಿನ ಮಕ್ಕಳಿಗೆ ತಲೆಗೆ ಹೋಗೋದು 5ರಿಂದ 7 ವರ್ಷದ ಒಳಗೆ ಅಂತ ಆಮೇಲಿನ ಸಂಶೋಧನೆಗಳು ಹೇಳ್ತವೆ, ಅಂದ್ರೆ ಸರಿಯಾಗಿ ನಮ್ಮ ಒಂದನೇ ಎರಡನೇ ಕ್ಲಾಸು.

ನಂಗೆ ತುಂಬಾ ಹಿಡಿಸಿದ್ದು ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞೆ ವರ್ಜೀನಿಯಾ ಸ್ಲಾಟರ್ ಅವರ ಕೆಲಸ. ಚಿಕ್ಕ ಮಕ್ಕಳಿಗೆ ಹೃದಯ, ಶ್ವಾಸಕೋಶ, ಹೊಟ್ಟೆ ಇವೆಲ್ಲ ನಮ್ಮನ್ನ ಬದುಕಿಸಿಡೋಕೆ ಏನ್ ಮಾಡ್ತವೆ ಅಂತ ಹೇಳ್ಕೊಟ್ರೆ ಸಾವಿನ ಬಗ್ಗೆ ತಿಳುವಳಿಕೆನೂ ಜೊತೆಗೇ ಬೆಳೆಯುತ್ತಂತೆ. 2007ರಲ್ಲಿ 4ರಿಂದ 8 ವರ್ಷದ ಮಕ್ಕಳನ್ನ ನೋಡಿದಾಗ, ಹೀಗೆ ಅರ್ಥ ಮಾಡ್ಕೊಂಡೋರಿಗೆ ಸಾವಿನ ಭಯ ಕಮ್ಮಿ ಇತ್ತು. ಹೇಳಿದ್ರೆ ಹೆದರ್ಕೋತಾರೆ ಅಂತ ನಾವು ಮುಚ್ಚಿಡ್ತೀವಿ, ಇಲ್ಲಿ ನೋಡಿದ್ರೆ ಉಲ್ಟಾ.

ಟೀಚರ್ ಟ್ರೈನಿಂಗಲ್ಲಿ ಮೊದಲು ಮಾಡಿಸ್ಬೇಕಾದ್ದು ಏನು ಅಂತ ಕೇಳಿದ್ರೆ, ‘ಸತ್ತೋದ್ರು’ ಅನ್ನೋ ಮಾತನ್ನ ಜೋರಾಗಿ ಬಾಯ್ಬಿಟ್ಟು ಹೇಳ್ಸೋದು ಅಂತೀನಿ ನಾನು. ಪಕ್ಕದವರು ‘ಬಿಡ್ತು ಅನ್ರೀ’ ಅನ್ನೋದು ಗ್ಯಾರಂಟಿ! ಆದ್ರೆ ಆ ‘ಬಿಡ್ತು ಅನ್ನು’ ಇದೆಯಲ್ಲ, ಅದರಲ್ಲೇ ಇನ್ನೊಂದು ಸಮಸ್ಯೆ ಇದೆ. ಈ ವಯಸ್ಸಿನ ಮಕ್ಕಳು ತಾವು ಅಂದಿದ್ದಕ್ಕೇ ಆಯ್ತು ಅಂತ ನಂಬ್ತಾರೆ, ಕೋಪದಲ್ಲಿ ತಂಗಿಗೆ ‘ನೀನು ಸಾಯಿ’ ಅಂದಿದ್ದು, ಅವಳು ನಿಜಕ್ಕೂ ಸತ್ರೆ ಆ ಮಗು ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತೆ, ಮಾತಿಗೆ ಕೊಲ್ಲೋ ಶಕ್ತಿ ಇದೆ ಅಂತ ನಾವೇ ದಿನಾ ಹೇಳ್ಕೊಟ್ಟಿರ್ತೀವಲ್ಲ. ಅದಕ್ಕೇ ‘ನಿನ್ನಿಂದ ಆಗಿದ್ದಲ್ಲ’ ಅನ್ನೋದನ್ನ, ಮಗು ಕೇಳದಿದ್ರೂ, ಬಾಯ್ಬಿಟ್ಟು ಹೇಳ್ಬೇಕು.

ಆ ಹುಡುಗನ್ನ ಪಕ್ಕ ಕೂರಿಸ್ಕೊಂಡು, ಅವನ ಕೈ ಅವನೆದೆ ಮೇಲೇ ಇಡಿಸ್ದೆ. ಲಬ್ ಡಬ್ ಅಂತಿದೆಯಾ? ಅಪ್ಪಂದು ನಿಂತೋಯ್ತು, ಮತ್ತೆ ಶುರು ಆಗಲ್ಲ, ಅಪ್ಪ ಸತ್ತೋದ್ರು, ನಿದ್ದೆ ಅಂದಿದ್ದು ನನ್ನ ತಪ್ಪು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ.

‘ಮಳೆ ಬಂದ್ರೆ ಅಪ್ಪಂಗೆ ಚಳಿ ಆಗಲ್ವಾ ಮಿಸ್?’

‘ಇಲ್ಲ ಕಣೋ, ಚಳಿ, ಹಸಿವು, ನೋವು ಏನೂ ಗೊತ್ತಾಗಲ್ಲ.’

‘ಹ್ಞೂಂ’ ಅಂದ. ಆಮೇಲೆ ಊಟದ ಬೆಲ್ ಆಯ್ತು, ತಟ್ಟೆ ಎತ್ಕೊಂಡು ಓಡಿದ.