ಬುಡವಿಲ್ಲದ ಆಲದ ಮರ

ಹೌರಾದ ಶಿಬ್‌ಪುರದ ಸಸ್ಯೋದ್ಯಾನಕ್ಕೆ ಹೋದವರೆಲ್ಲ ದೊಡ್ಡ ಆಲದ ಮರ ಎಲ್ಲಿ ಅಂತ ಕೇಳುತ್ತಾರೆ. ಮರ ಸಿಕ್ಕ ಮೇಲೆ ಅದರ ಬುಡ ಎಲ್ಲಿ ಅಂತ ಹುಡುಕುತ್ತಾರೆ. ಬುಡ ಇಲ್ಲ. 1925ರಲ್ಲೇ ಅದನ್ನು ಕಡಿದು ತೆಗೆದಿದ್ದಾರೆ. ಆದರೂ ಮರ ಒಂದೂವರೆ ಹೆಕ್ಟೇರಿಗಿಂತ ಜಾಸ್ತಿ ಜಾಗ ಆವರಿಸಿಕೊಂಡು ಹಸಿರಾಗಿ ನಿಂತಿದೆ. ಅದರ ಸುತ್ತ ಹಿಂದೆ 330 ಮೀಟರ್ ಉದ್ದದ ರಸ್ತೆ ಮಾಡಿದ್ದರು. ಮರ ಆ ರಸ್ತೆಯನ್ನೂ ದಾಟಿ ಹೊರಗೆ ಹಬ್ಬಿದೆ.

ಕೋಲ್ಕತ್ತಾ ಪ್ರವಾಸಕ್ಕೆ ನಮ್ಮ ಜೊತೆ ಸಾಗರದ ಕಡೆಯ ಚಿಕ್ಕಪ್ಪ ಬಂದಿದ್ದರು. ಹುಟ್ಟಿದಾಗಿನಿಂದ ಅಡಿಕೆ ತೋಟದಲ್ಲೇ ಇದ್ದವರು. ಬೇಲಿ ಹಿಡಿದು ಒಳಗೆ ಇಣುಕಿ, "ಅಲ್ವೋ, ಬುಡವೇ ಇಲ್ದೆ ಮರ ಹ್ಯಾಗೆ ಬದುಕಿದೆ?" ಅಂದರು. ನಮ್ಮ ಟೂರಿನವರೇ ಒಬ್ಬರು, "ದೇವರ ಮಹಿಮೆ, ಇನ್ನೇನು" ಅಂದುಬಿಟ್ಟರು. ನನಗೆ ಸುಮ್ನಿರಲು ಆಗಲಿಲ್ಲ. ಮಹಿಮೆ ಅಂದ ಕೂಡಲೇ ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ. ಚಿಕ್ಕಪ್ಪ ಕೇಳಿದ್ದು ಅಲ್ಲಿಗೇ ಬಿಡುವಂಥ ಪ್ರಶ್ನೆ ಅಲ್ಲ.

1864 ಮತ್ತು 1867ರಲ್ಲಿ ಎರಡು ದೊಡ್ಡ ಚಂಡಮಾರುತ ಈ ಮರಕ್ಕೆ ಬಡಿದವು. ಕೊಂಬೆ ಮುರಿದ ಗಾಯಗಳಿಂದ ಶಿಲೀಂಧ್ರ ಒಳಗೆ ಹೊಕ್ಕಿತು. ಸುತ್ತಳತೆಯಲ್ಲಿ 15 ಮೀಟರ್ ದಾಟಿದ್ದ ಮುಖ್ಯ ಕಾಂಡ ನಿಧಾನವಾಗಿ ಕೊಳೆಯಿತು. ಉಳಿದ ಮರಕ್ಕೂ ಕೊಳೆ ಹರಡಬಾರದು ಅಂತ ಅದನ್ನು ತೆಗೆದರು. ಅಷ್ಟರಲ್ಲಿ ಮರ ಆ ಕಾಂಡವನ್ನು ನೆಚ್ಚಿಕೊಂಡು ಬದುಕುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಇದೆಲ್ಲ ಬಿಳಲಿನ ಕೆಲಸ. ಬೇಲಿಯ ಹತ್ತಿರ ಎದೆಯ ಮಟ್ಟಕ್ಕೆ ಒಂದು ಎಳೆ ಬಿಳಲು ಇಳಿದಿತ್ತು. ಪೆನ್ಸಿಲ್‌ಗಿಂತ ಸಣ್ಣ, ಕಂದು ಬಣ್ಣ, ಮೈತುಂಬ ಪುಟ್ಟ ಪುಟ್ಟ ಗುಳ್ಳೆ. ತುದಿ ಮಾತ್ರ ಹಳದಿ, ಮುಟ್ಟಿದರೆ ಮೆತ್ತಗೆ. ಗಾಳಿಯಲ್ಲಿ ತೂಗುವಷ್ಟು ದಿನ ಅದು ಕೊಂಬೆಯ ಕೂಸು. ನೀರು, ಸಕ್ಕರೆ ಎಲ್ಲ ಮೇಲಿನಿಂದಲೇ ಬರಬೇಕು. ಆಗ ಅದು ಉದ್ದ ಬೆಳೆಯುತ್ತದೆ, ದಪ್ಪ ಆಗುವುದಿಲ್ಲ. ತುದಿ ಮಣ್ಣಿಗೆ ತಾಗಿ ಬೇರು ಬಿಟ್ಟಿತು ಅನ್ನಿ, ಲೆಕ್ಕ ತಿರುಗಿತು. ಈಗ ನೀರು ಬಿಳಲಿನಿಂದ ಕೊಂಬೆಗೆ ಏರುತ್ತದೆ. ಬಿಳಲು ವರ್ಷ ವರ್ಷ ದಪ್ಪಗಾಗಿ ಕಂಬವಾಗುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ನೆಲ ಹಿಡಿದ ಬಿಳಲು ದಪ್ಪಗಾಗುವುದಕ್ಕೆ ಮುಂಚೆ ಬಿಗಿಯುತ್ತದೆ. ಆಲದ ಹತ್ತಿರದ ನೆಂಟ ಫೈಕಸ್ ಬೆಂಜಮಿನಾದಲ್ಲಿ ಇದನ್ನು 1968ರಲ್ಲಿ ವಿವರವಾಗಿ ತೋರಿಸಿದರು. ಬಿಳಲಿನೊಳಗೆ ವಿಶೇಷ ನಾರಿನ ಕೋಶಗಳು ಹುಟ್ಟುತ್ತವೆ. ಅವು ಬಲಿಯುತ್ತಾ ಉದ್ದದಲ್ಲಿ ಕುಗ್ಗುತ್ತವೆ. ಮೇಲೆ ಕೊಂಬೆ, ಕೆಳಗೆ ನೆಲ, ಎರಡೂ ಗಟ್ಟಿಯಾಗಿ ಹಿಡಿದಿರುವುದರಿಂದ ನಡುವಿನ ಬಿಳಲು ಮಳೆಯಲ್ಲಿ ನೆನೆದ ಹಗ್ಗದ ಹಾಗೆ ಸೆಟೆದು ನಿಲ್ಲುತ್ತದೆ. ಅದಕ್ಕೇ ಆಲದ ಕಂಬಗಳು ಅಷ್ಟು ನೆಟ್ಟಗಿರುತ್ತವೆ. ಹೀಗೆ ನೆಟ್ಟಗಾದ ಕಂಬ ಮುಂದೆ ಬಲಿತು ಕೊಂಬೆಯ ಭಾರವನ್ನೂ ಹೊರುತ್ತದೆ. ಶಿಬ್‌ಪುರದಲ್ಲಿ ಇಂಥ ಕಂಬಗಳು 3,000ಕ್ಕೂ ಜಾಸ್ತಿ ಇವೆ. ಪ್ರತಿ ಕೊಂಬೆಗೂ ಹತ್ತಿರದಲ್ಲೇ ಅದರದೇ ಕಂಬ, ಅದರದೇ ಬೇರು. ನಡುವಿನ ಕಾಂಡ ಹೋದರೂ ಯಾವ ಕೊಂಬೆಯೂ ಬಾಯಾರಲಿಲ್ಲ.

ಚಿಕ್ಕಪ್ಪ ತಟ್ಟನೆ, "ನಮ್ಮ ಅಡಿಕೆ ಮರ ಹೀಗಲ್ಲ. ಸುಳಿ ಕೊಳೀತು ಅಂದ್ರೆ ಮುಗೀತು" ಅಂದರು. ನಿಜ. ಅಡಿಕೆ ಮರಕ್ಕೆ ಬೆಳೆಯುವ ಜಾಗ ಒಂದೇ, ಅದು ತುದಿಯ ಸುಳಿ. ಆಲ, ಹಲಸಿನಂಥ ಮರಗಳಲ್ಲಿ ತೊಗಟೆಯ ಕೆಳಗೆ ಜೀವಕೋಶಗಳ ತೆಳು ಪದರ ಒಂದಿದೆ. ಅದಕ್ಕೆ ಕ್ಯಾಂಬಿಯಂ ಅಂತಾರೆ. ಮರ ದಪ್ಪವಾಗುವುದು, ಗಾಯ ಮುಚ್ಚುವುದು ಎಲ್ಲ ಅದರಿಂದಲೇ. ದೊಡ್ಡ ಮರದ ಒಳಗಿನ ಚೇಗು ಬಹುಪಾಲು ಸತ್ತದ್ದೇ. ಹಾಗಾಗಿ ಪೊಳ್ಳು ಮರವೂ ಚಿಗುರುತ್ತದೆ. ಅಡಿಕೆ, ತೆಂಗು, ಈಚಲಿಗೆ ಈ ಪದರವೇ ಇಲ್ಲ. ಅಡಿಕೆ ಮರಕ್ಕೆ ಬಿದ್ದ ಕತ್ತಿಯ ಗಾಯ ಕೊನೆತನಕ ಹಾಗೇ ಇರುತ್ತದೆ, ನೀವೂ ನೋಡಿರಬಹುದು.

ಈ ಆಲ ಮೊದಲು ಮೊಳೆತದ್ದು ಒಂದು ಈಚಲು ಮರದ ಮೇಲೆ ಅಂತ ಹೇಳುತ್ತಾರೆ. ನಂಬಬಹುದಾದ ಮಾತೇ. ಹಕ್ಕಿ ಹಾಕಿದ ಬೀಜದಿಂದ ಬೇರೆ ಮರದ ಮೇಲೆ ಹುಟ್ಟುವುದು ಆಲಕ್ಕೆ ಮಾಮೂಲು.

ಈ ಸಸ್ಯೋದ್ಯಾನ ಶುರುವಾದದ್ದು 1787ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಬರ್ಟ್ ಕಿಡ್‌ನಿಂದ. 2009ರಿಂದ ಅದಕ್ಕೆ ಜಗದೀಶ್ ಚಂದ್ರ ಬೋಸ್ ಹೆಸರಿದೆ. ಮಲೆನಾಡಿನವರಿಗೆ ಇಲ್ಲಿ ಒಂದು ಹಳೆಯ ನಂಟೂ ಉಂಟು. ಟಿಪ್ಪು ಸತ್ತ ಮೇಲೆ ನಮ್ಮ ಸೀಮೆಯನ್ನೆಲ್ಲ ನೋಡಿ ವರದಿ ಬರೆಯಲು ಕಂಪನಿ ಕಳಿಸಿದ್ದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಇಕ್ಕೇರಿ, ಬಿದನೂರು ನಗರದ ದಾರಿಯಲ್ಲಿ ಹಾದುಹೋಗಿದ್ದ. ಅಡಿಕೆ, ಮೆಣಸಿನ ತೋಟಗಳ ಬೇಸಾಯವನ್ನು ಕೇಳಿ ಕೇಳಿ ಬರೆದುಕೊಂಡ. ಅದೇ ಬುಕನನ್ 1814ರಲ್ಲಿ ಈ ಉದ್ಯಾನದ ಮುಖ್ಯಸ್ಥನಾದ. ನಮ್ಮ ತೋಟಗಳನ್ನು ಕಂಡ ಕಣ್ಣು ಈ ಆಲವನ್ನೂ ಕಂಡಿತ್ತು ಅಂದಾಗ ಚಿಕ್ಕಪ್ಪನಿಗೆ ಖುಷಿಯೋ ಖುಷಿ.

ನನಗಿದ್ದದ್ದು ಬೇರೆ ಚಿಂತೆ. ನಮ್ಮ ಕಡೆ ಎಷ್ಟೋ ಊರಲ್ಲಿ ಆಲದ ಬುಡಕ್ಕೆ ಕಟ್ಟೆ ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ನೂಲು ಸುತ್ತುತ್ತಾರೆ. ಅದೇ ಮರದ ಬಿಳಲನ್ನು ಬಸ್ಸಿಗೆ ತಾಗುತ್ತೆ, ವೈರಿಗೆ ತಾಗುತ್ತೆ ಅಂತ ವರ್ಷವೂ ಕತ್ತರಿಸುತ್ತಾರೆ. ಕಟ್ಟೆಯ ಸುತ್ತ ಕಾಂಕ್ರೀಟ್ ಹಾಕುವುದರಿಂದ ಉಳಿದ ಬಿಳಲಿಗೂ ಇಳಿಯಲು ಮಣ್ಣಿಲ್ಲ. ಕೊಂಬೆ ಉದ್ದಕ್ಕೆ ಚಾಚುತ್ತಲೇ ಇರುತ್ತದೆ, ಕೆಳಗೆ ಊರುಗೋಲಿಲ್ಲ. ಆಷಾಢದ ಗಾಳಿಗೆ ಮುರಿದು ಬೀಳುತ್ತದೆ. ಆಮೇಲೆ "ಮರ ಅಪಾಯ" ಅಂತ ಪೂರ್ತಿ ಕಡಿಯುತ್ತಾರೆ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೂ ಮುಖ್ಯ ಕಾಂಡ ಉಳಿದಿಲ್ಲ. ಅದೂ ಇವತ್ತಿಗೆ ಇರುವುದು ಬಿಳಲುಗಳ ಮೇಲೆಯೇ.

"ನಮ್ಮೂರ ಕಟ್ಟೆ ಆಲಕ್ಕೆ ಏನಾದ್ರೂ ಮಾಡಬಹುದೇನೋ?" ಅಂತ ಚಿಕ್ಕಪ್ಪ ವಾಪಸ್ ಬರುವಾಗ ಕೇಳಿದರು. ಮಾಡಬಹುದು. ರಸ್ತೆಗೆ ಅಡ್ಡ ಬಾರದ ಕಡೆಯ ಬಿಳಲುಗಳನ್ನು ಆರಿಸಿಕೊಳ್ಳಬೇಕು. ಉದ್ದನೆಯ ಬಿದಿರು ಸೀಳಿ ಗಂಟು ತೆಗೆದು, ಒಳಗೆ ಮಣ್ಣು ಗೊಬ್ಬರ ತುಂಬಿ, ಬಿಳಲಿನ ತುದಿಯನ್ನು ಅದರೊಳಗೆ ಇಳಿಬಿಟ್ಟು ಮತ್ತೆ ಕಟ್ಟಬೇಕು. ಪ್ಲಾಸ್ಟಿಕ್ ಪೈಪೂ ಆದೀತು. ಕೆಳಗೆ ಕಾಂಕ್ರೀಟ್ ಇದ್ದರೆ ಒಂದು ಮೊಳದಷ್ಟು ಒಡೆದು ಮಣ್ಣು ಬಿಡಿಸಬೇಕು. ಮಳೆಗಾಲದ ಮೊದಲ ಮಳೆ ಬಿದ್ದ ಮೇಲೆ ಶುರು ಮಾಡಿದರೆ ನೀರು ಹಾಕುವ ಕೆಲಸವೂ ಕಮ್ಮಿ. ಬೇಸಿಗೆಯಲ್ಲಿ ಮಾತ್ರ ಮಣ್ಣು ಒಣಗದ ಹಾಗೆ ನೋಡಿಕೊಳ್ಳಬೇಕು.