ನೆರಳು ಜರುಗದ ಊರು: ಅನ್ಯಗ್ರಹದ ಕಥೆ ಬರೆಯುವವರಿಗೆ ಟಿಪ್ಪಣಿ

ಅನ್ಯಗ್ರಹ ಜೀವಿ ಅಂದ ಕೂಡಲೇ ಮೂರು ಕಣ್ಣು, ಹಸಿರು ಚರ್ಮ ಬರೆದುಬಿಡುತ್ತೇವೆ. ನನ್ನ ಮೊದಲ ಕರಡಿನಲ್ಲೂ ಅದೇ ಇತ್ತು. ಈಗ ಉಲ್ಟಾ ಹೋಗುತ್ತೇನೆ: ಮೊದಲು ನಕ್ಷತ್ರ, ಆಮೇಲೆ ಗ್ರಹ, ಕೊನೆಗೆ ಜೀವಿ.

ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ದೂರ 4.24 ಜ್ಯೋತಿರ್ವರ್ಷ, ಅಂದರೆ ಬೆಳಕಿಗೇ 4.24 ವರ್ಷ ಹಿಡಿಯುವಷ್ಟು. ಇದೊಂದು ಕೆಂಪು ಕುಬ್ಜ, ಅಂದರೆ ಸೂರ್ಯನಿಗಿಂತ ತೀರಾ ಚಿಕ್ಕದಾದ, ಮಂದವಾದ ನಕ್ಷತ್ರ. ಅದನ್ನು ಸುತ್ತುವ ಪ್ರಾಕ್ಸಿಮಾ ಬಿ ಗ್ರಹ ಪತ್ತೆಯಾಗಿದ್ದು 2016ರಲ್ಲಿ. ಅಲ್ಲಿನ ಒಂದು ವರ್ಷ ನಮ್ಮ 11.2 ದಿನ ಅಷ್ಟೇ! ಇಷ್ಟು ಹತ್ತಿರ ಸುತ್ತುವ ಗ್ರಹ, ನಮಗೆ ಚಂದ್ರನಿದ್ದ ಹಾಗೆ, ನಕ್ಷತ್ರಕ್ಕೆ ಸದಾ ಒಂದೇ ಮುಖ ತೋರಿಸುವ ಸಾಧ್ಯತೆ ಜಾಸ್ತಿ.

ಹಾಗಿದ್ದರೆ ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ರಾತ್ರಿ. ನಮ್ಮ ಜೀವಿಯನ್ನು ನಡುವಿನ ಮುಸ್ಸಂಜೆಯ ಪಟ್ಟಿಯಲ್ಲಿ ಇಡೋಣ. ಅಲ್ಲಿನ ಸೂರ್ಯ ದಿಗಂತದಲ್ಲಿ ಅಲ್ಲಾಡದೆ ನಿಂತಿರುತ್ತಾನೆ. ನೆರಳು ಜರುಗುವುದೇ ಇಲ್ಲ. ಬಂಡೆಯ ಹಿಂದೆ ಮೊಳೆತ ಗಿಡ ಸಾಯುವ ತನಕ ನೆರಳಲ್ಲೇ. ಬೆಳಕಿನಲ್ಲಿರುವ ಗಿಡಗಳ ಎಲೆಗಳೆಲ್ಲ ಒಂದೇ ದಿಕ್ಕಿಗೆ. ಮಂದ ಕೆಂಪು ಬೆಳಕನ್ನು ಪೂರ್ತಿ ಹೀರಲು ಅವು ಕಪ್ಪಾಗಿರಬಹುದು. ಕೆಂಪು ಕುಬ್ಜಗಳ ಮೈಮೇಲೆ ಆಗಾಗ ಜ್ವಾಲೆಗಳು ಸಿಡಿಯುತ್ತವೆ, ಎಕ್ಸ್-ರೇ ಎರಚುತ್ತವೆ. ಆಗ ಬಂಡೆಯ ನೆರಳೇ ಮನೆ. ನೆರಳಿಗಾಗಿ ಜಗಳ, ನೆರಳು ಕೊಟ್ಟು ಹೆಣ್ಣು ಕೇಳುವುದು, ಏನು ಬೇಕಾದರೂ ಬರೆಯಬಹುದು ಅಲ್ವಾ? ಅವರ ಭಾಷೆಯಲ್ಲಿ 'ನಾಳೆ' ಇರುವುದಿಲ್ಲ. ಆದರೆ ಕತ್ತಲ ಕಡೆಯ ಆಕಾಶದಲ್ಲಿ ನಕ್ಷತ್ರಗಳು 11.2 ದಿನಕ್ಕೊಂದು ಸುತ್ತು ಬರುತ್ತವೆ. ಅದೇ ಗಡಿಯಾರ.

ಗಾತ್ರದ ಬಗ್ಗೆ ಒಂದೇ ಮಾತು. ಜೀವಿಯನ್ನು ಎಲ್ಲ ಕಡೆಯೂ ಎರಡು ಪಟ್ಟು ಹಿಗ್ಗಿಸಿದರೆ ತೂಕ ಎಂಟು ಪಟ್ಟು, ಕಾಲಿನ ಬಲ ನಾಲ್ಕೇ ಪಟ್ಟು. ಆನೆಯಷ್ಟು ದೊಡ್ಡ ಇರುವೆ ಎದ್ದು ನಿಲ್ಲಲಾರದು.

ಇನ್ನು ಅಲ್ಲಿಗೆ ಹೋಗುವುದು. 1977ರಲ್ಲಿ ಹೊರಟ ನಾಸಾದ ನೌಕೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ 4.24 ಜ್ಯೋತಿರ್ವರ್ಷ ದಾಟಲು ಸುಮಾರು 75,000 ವರ್ಷ. ಬೆಳಕಿನ ವೇಗದ ಹತ್ತನೇ ಒಂದು ಭಾಗ ಸಿಕ್ಕರೆ 42 ವರ್ಷ ಸಾಕು. ಆದರೆ ಆ ವೇಗದಲ್ಲಿ 1 ಗ್ರಾಂ ಕಲ್ಲುಚೂರು ಬಡಿದರೆ 100 ಟನ್ ಟಿಎನ್‌ಟಿ ಸ್ಫೋಟಕ ಸಿಡಿದಷ್ಟು ಹೊಡೆತ. ಹಾಗಾಗಿ ನನ್ನ ಹಡಗಿನ ಮೂತಿಗೆ ದಪ್ಪ ಮಂಜುಗಡ್ಡೆಯ ಗುರಾಣಿ ಕಟ್ಟಿದೆ. ನಿಲ್ಲಿಸುವುದನ್ನು ಮಾತ್ರ ಮರೆತಿದ್ದೆ! ಬಾಹ್ಯಾಕಾಶದಲ್ಲಿ ತಡೆಯಲು ಗಾಳಿ ಇಲ್ಲ. ಹಡಗನ್ನು ಹಿಂದುಮುಂದಾಗಿ ತಿರುಗಿಸಿ ಎಂಜಿನ್ ಉರಿಸಬೇಕು. ತಿರುಗಿಸಿದರೆ ಗುರಾಣಿ ಹಿಂದಕ್ಕೆ ಹೋಗುತ್ತದೆ, ಕಲ್ಲುಚೂರು ಎಂಜಿನ್ನಿಗೇ ಬಡಿಯುತ್ತದೆ. ಮೂರನೇ ಅಧ್ಯಾಯ ಸದ್ಯ ಅಲ್ಲೇ ನಿಂತಿದೆ.